ಅಂಗುಳದ ಅಚ್ಚು

ಪ್ಲಾಸ್ಟರನ್ನು ಮುದ್ದೆ ತಿರುವಿದ ಹಾಗೆ ತಿರುವಬಾರದು ಅನ್ನೋದು ಹಲ್ಲಿನ ಲ್ಯಾಬಿನಲ್ಲಿ ನಾನು ಕಲಿತ ಮೊದಲ ಪಾಠ. ಮದುವೆಯಾಗಿ ಬಾಬುರಾಯನಕೊಪ್ಪಲಿಗೆ ಬಂದಾಗಿನಿಂದ ದಿನಾ ಮುದ್ದೆ ತಿರುವಿದ ಕೈ ನನ್ನದು. ಶ್ರೀರಂಗಪಟ್ಟಣದ ಆ ಲ್ಯಾಬಿನಲ್ಲಿ ರಬ್ಬರ್ ಬಟ್ಟಲು, ಹಳದಿ ಪುಡಿ, ನೀರು ಕೊಟ್ಟು ಕಲಸು ಅಂದಾಗ ನನಗೆ ಗೊತ್ತಿದ್ದದ್ದು ಅದೊಂದೇ. ಬಟ್ಟಲನ್ನು ಒತ್ತಿ ಹಿಡಿದು ಗಂಟಾಗದ ಹಾಗೆ ಜೋರಾಗಿ ತಿರುವಿಬಿಟ್ಟೆ. ಯಾರದೋ ಬಾಯಿಂದ ತೆಗೆದ ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ ನೋಡಿದರೆ ಹಲ್ಲಿನ ಮೇಲೆಲ್ಲ ಸಾಸಿವೆ ಕಾಳು ಅಂಟಿಸಿದ ಹಾಗೆ ಗುಳ್ಳೆ.

ಲ್ಯಾಬು ನಡೆಸುವವರನ್ನು ನಾವು ಮೇಷ್ಟ್ರು ಅಂತಲೇ ಕರೆಯೋದು. ಅವರು ಅದನ್ನು ಕಿಟಕಿ ಬೆಳಕಿಗೆ ಹಿಡಿದು, "ಏನವ್ವಾ, ಇದುಕ್ಕೆ ಬಸ್ಸಾರೂ ಮಾಡಿದ್ದೀಯಾ?" ಅಂದರು.

ಪಕ್ಕದಲ್ಲಿ ಮೇಣ ಕರಗಿಸುತ್ತಿದ್ದ ಕಿರಂಗೂರಿನವಳು ಬಗ್ಗಿ ನೋಡಿದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಕೆಲಸದಲ್ಲಿ ಹಿರಿಯಳು. "ಅಯ್, ಪಾಪ! ಯಾರ ಬಾಯ್ಗೋ ಅಮ್ಮ ಎದ್ದು ಗುಳ್ಳೆ ಆದಂಗದೆ ಕಣಕ್ಕಾ!" ಅಂತ ನಗಾಡಿದಳು. ನಾನೂ ನಕ್ಕೆ. ಮನೆ ಬಿಟ್ಟು ಹೊರಗೆ ಬಂದು ಯಾರ ಜೊತೆಗಾದರೂ ಕೂತು ನಕ್ಕು ಬಹಳ ಕಾಲವಾಗಿತ್ತು. ಅದನ್ನೂ ದೇವರು ಕೊಟ್ಟದ್ದು ಅಂತಲೇ ಲೆಕ್ಕಕ್ಕೆ ಇಟ್ಟುಕೊಂಡಿದ್ದೀನಿ.

ಮೇಷ್ಟ್ರು ಮತ್ತೆ ಕಲಸಿ ತೋರಿಸಿದರು. ಪುಡಿಯನ್ನು ನೀರಿಗೆ ನಿಧಾನ ಉದುರಿಸಬೇಕು. ಚಮಚವನ್ನು ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಮಡಿಸಬೇಕು. ಅಚ್ಚನ್ನು ನಡುಗುವ ಮೆಷಿನ್ನಿನ ಮೇಲೆ ಹಿಡಿದು ಒಂದು ಮೂಲೆಯಿಂದ ಹರಿಯಬಿಟ್ಟರೆ, ಗಾಳಿ ಮುಂದೆ ಮುಂದೆ ಓಡಿಹೋಗುತ್ತದೆ. ಅಷ್ಟಾದರೂ ಗುಳ್ಳೆ ಕೂತರೆ ಚಾಕುವಿನ ತುದಿ ಒತ್ತಿದರೆ ಸಾಕು, ತಟ್ ಅಂತ ಹಾರಿಹೋಗುತ್ತದೆ. ಅದಕ್ಕೆ ತೊಟ್ಟು ಸಣ್ಣದು, ಮೈ ದುಂಡು.

"ಗುಳ್ಳೆ ಅಂದ್ರೆ ಬರೀ ಗಾಳಿ ಕಣವ್ವಾ. ಬಾಯಲ್ಲಿ ಇಲ್ದೇ ಇರೋದು. ಅದುಕ್ಕೇ ತೆಗ್ಯೋದು. ಬಾಯಲ್ಲಿ ಇರೋದ್ನ ಮಾತ್ರ ಮುಟ್ಬ್ಯಾಡ. ಮುಟ್ಟಿದ್ರೆ ಹಲ್ಲಿನ ಪ್ಲೇಟು ಕೂರಾಕಿಲ್ಲ."

ಮನೆ ಬಿಟ್ಟು ಹೊರಗೆ ದುಡಿದವಳಲ್ಲ ನಾನು. ಮಗಳನ್ನು ನಾಗಮಂಗಲದ ಕಡೆ ಕೊಟ್ಟ ಮೇಲೆ ಬೆಳಗ್ಗೆ ಪೂಜೆ, ಅಡುಗೆ, ಒಂದು ಹಸು, ಇಷ್ಟೇ ನನ್ನ ಪ್ರಪಂಚ. ನಮ್ಮ ಯಜಮಾನರು ಖಾಸಗಿ ಬಸ್ಸಿನ ಕಂಡಕ್ಟರು. ಒಂದು ದಿನ ಪಾಂಡವಪುರದ ಮೇಲೆ ಕೆ.ಆರ್. ಪೇಟೆ, ಇನ್ನೊಂದು ದಿನ ನಾಗಮಂಗಲ. ಸ್ಟ್ಯಾಂಡಿನ ಆ ತುದಿಯಿಂದ ಅವರು ಊರ ಹೆಸರು ಕೂಗಿದರೆ ಈ ತುದಿಯಲ್ಲಿ ಸೌತೆಕಾಯಿ ಹೆಚ್ಚುವವರು ತಲೆ ಎತ್ತಬೇಕು, ಅಂಥ ಗಂಟಲು. ಬಾಯಲ್ಲಿ ಮಾತ್ರ ಯಾವಾಗಲೂ ಹೊಗೆಸೊಪ್ಪು. ಅಂಗುಳದಲ್ಲಿ ಹುಣ್ಣಾಯಿತು, ಆಗಿದ್ದು ಮಾಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಮೇಲ್ದವಡೆಯ ಅರ್ಧವನ್ನು ಅಂಗುಳದ ಸಮೇತ ತೆಗೆದರು.

ಜೀವ ಉಳಿಯಿತು. ಆದರೆ ಬಾಯಿಗೂ ಮೂಗಿಗೂ ನಡುವೆ ಗೋಡೆಯೇ ಇಲ್ಲವಾಯಿತು. ಕಾಫಿ ಕುಡಿದರೆ ಮೂಗಿನಿಂದ ಇಳಿಯೋದು. ಮಾತೆಲ್ಲ ಮೂಗಿಗೇ ಹೋಗಿ, ಪಾಂಡವಪುರ ಅಂದರೆ ಮಾಣವಮುರ ಅಂದ ಹಾಗೆ ಕೇಳೋದು. ನಾಗಮಂಗಲ ಒಂದು ಸುಮಾರಾಗಿ ಬರುತ್ತಿತ್ತು. "ಇನ್ಮ್ಯಾಕೆ ನಾಗಮಂಗಲದ ಬಸ್ಸಿಗೇ ಡ್ಯೂಟಿ ಆಕುಸ್ಕತೀನಿ ಕಣಮ್ಮಿ" ಅಂದರು. ನಾನಿಲ್ಲಿ ನೆಟ್ಟಗೆ ಬರೆದಿದ್ದೀನಿ, ಕಿವಿಗೆ ಹಾಗೆ ಬೀಳಲಿಲ್ಲ. ಅವರ ತಮಾಷೆ ನನಗೆ ಒಬ್ಬಳಿಗೇ ಅರ್ಥವಾಗುವಂಥದ್ದಾಯಿತು. ಬೇರೆಯವರ ಎದುರಿಗೆ ಅವರು ಬಾಯೇ ಬಿಡುತ್ತಿರಲಿಲ್ಲ. ಯಾರಾದರೂ ಬಂದರೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಹಸುವಿನ ಹತ್ತಿರ ಹೋಗಿ ನಿಂತುಬಿಡೋರು.

ಅಂಥವರಿಗೆ ತೂತು ಮುಚ್ಚುವ ಪ್ಲೇಟು ಮಾಡಿಸಬಹುದು ಅಂತ ಹೇಳಿದ್ದು ಶ್ರೀರಂಗಪಟ್ಟಣದ ಹಲ್ಲಿನ ಡಾಕ್ಟರು. ಅವರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದರು. ಅವಸರಕ್ಕೆ ಪ್ಲೇಟು ತರಲು ನಾನೇ ಹೋದೆ. ಮೇಷ್ಟ್ರು ಅದಕ್ಕೆ ಹೊಳಪು ಕೊಡುತ್ತಿದ್ದರು. ಗುಲಾಬಿ ಬಣ್ಣದ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ವಸ್ತು. ಮನೆಗೆ ತಂದು ಹಾಕಿಸಿದೆ. ಅವರು ಒಂದು ಲೋಟ ನೀರನ್ನು ನಿಧಾನ ಕುಡಿದರು. ಮೂಗು ಮುಟ್ಟಿ ನೋಡಿಕೊಂಡರು. ಒಣಗಿತ್ತು. ನಾನು ಒಳಗೆ ಹೋಗಿ ನಮ್ಮ ಮನೆದೇವರು ಭೈರವನಿಗೆ ತುಪ್ಪದ ದೀಪ ಹಚ್ಚಿದೆ. ನೀರು ಕುಡಿಯೋದು ಅಷ್ಟು ದೊಡ್ಡ ವರ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅದು ತಾತ್ಕಾಲಿಕ ಪ್ಲೇಟು. ಗಾಯ ಮಾಯಬೇಕು, ರೇಡಿಯೇಶನ್ ಕರೆಂಟು ಕೊಡಿಸೋದು ಮುಗಿಯಬೇಕು, ಆಮೇಲೆ ಹಲ್ಲು ಜೋಡಿಸಿ ಗಟ್ಟಿ ಪ್ಲೇಟು ಮಾಡಬೇಕು ಅಂದಿದ್ದರು ಡಾಕ್ಟರು. ಕೃತಜ್ಞತೆಗೆ ಮೇಷ್ಟ್ರಿಗೆ ಕೊಬ್ಬರಿ ಮಿಠಾಯಿ ಕೊಡಲು ಹೋದಾಗ, ಆ ಪ್ಲೇಟನ್ನು ಹೇಗೆ ಮಾಡ್ತೀರಿ ಅಂತ ಬಿಡದೆ ಕೇಳಿದೆ. ಅವರು ನಗುತ್ತಾ, "ಕಲೀತೀಯಾ? ಪ್ಲಾಸ್ಟರ್ ಕೆಲ್ಸಕ್ಕೆ ಒಬ್ರು ಬೇಕು. ಕೆಲ್ಸ ಮಾಡ್ತಾ ಮಾಡ್ತಾ ಕಲ್ಕೊಳೋದು. ಅಪ್ರೆಂಟಿಸು" ಅಂದರು. ಈ ವಯಸ್ಸಿನಲ್ಲಾ ಅಂದೆ. "ಹಲ್ಲಿಗೆ ನಿನ್ನ ವಯಸ್ಸು ಗೊತ್ತಾಗಾಕಿಲ್ಲ ಬುಡು" ಅಂದರು.

ಕಲಿಯುವ ಆಸೆ ಏನೂ ಇರಲಿಲ್ಲ. ಆ ಗಟ್ಟಿ ಪ್ಲೇಟು ನನ್ನ ಕೈಯಿಂದ ಆಗಬೇಕು ಅನ್ನೋದೊಂದೇ ಇತ್ತು. ಅದನ್ನು ಹಾಕಿಕೊಂಡು ಅವರು ಮತ್ತೆ ಬಸ್ಸಿನ ಬಾಗಿಲಿಗೆ ನಿಂತು ಕೂಗಬೇಕು. ಅದಕ್ಕಿಂತ ಮುಂಚೆ ಮುದ್ದೆ ಉಣ್ಣಬೇಕು. ನಮ್ಮ ಕಡೆ ಮುದ್ದೆ ಅಗಿಯೋದಿಲ್ಲ, ನುಂಗೋದು. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ತಾನೇ ಅದು ಜಾರೋದು. ತಾತ್ಕಾಲಿಕ ಪ್ಲೇಟು ಆ ಒತ್ತಿಗೆ ತಡೆಯುತ್ತಿರಲಿಲ್ಲ, ಅಲ್ಲಾಡುತ್ತಿತ್ತು, ಮಾತೂ ಪೂರ್ತಿ ಬಿಡಿಸಿ ಬರುತ್ತಿರಲಿಲ್ಲ. ಅನ್ನವನ್ನು ಗಂಜಿ ಮಾಡಿಕೊಂಡು ಕುಡಿಯುತ್ತಿದ್ದರು.

ಹೀಗೆ ನಾನು ಬೆಳಗ್ಗೆ ಬಸ್ಸು ಹತ್ತುವವಳಾದೆ, ಅವರು ಮನೆಯಲ್ಲಿ ಒಲೆ ಮುಂದೆ ನಿಲ್ಲುವವರಾದರು. ಸಂಜೆ ಬಸ್ ಸ್ಟಾಪಿಗೆ ಬಂದು ಕಾಯುತ್ತಿದ್ದರು. ಹತ್ತಿರ ಯಾರೂ ಇಲ್ಲದ್ದು ನೋಡಿಕೊಂಡು, "ಏನು ಇಂಜಿನಿಯರಮ್ಮ, ಇವತ್ತು ಯಾರ ಅಲ್ಲು ಕಿತ್ತೆ?" ಅನ್ನೋರು.

"ಕೀಳೋದು ಡಾಕ್ಟ್ರು. ಕಟ್ಟೋದು ನಾವು."

"ಓ, ಕಂಟ್ರಾಕ್ಟ್ರು ಅನ್ನು."

ನಾನು ಮೇಣದಲ್ಲಿ ಹಲ್ಲು ಕೂರಿಸೋದು ಕಲಿತೆ. ಮೇಣವನ್ನು ಬಿಸಿನೀರಲ್ಲಿ ಕರಗಿಸಿ ತೆಗೆದು ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ಹಿಟ್ಟು ತುಂಬಿ ಬೇಯಿಸೋದು, ಬೆಂದದ್ದನ್ನು ಕೈಮೋಟರಿನಲ್ಲಿ ಉಜ್ಜೋದು ಕಲಿತೆ. ಮನೆಯಲ್ಲಿ ಕಡುಬು ಮಾಡಿದವಳಿಗೆ ಅಚ್ಚು, ಹಬೆ ಹೊಸದೇನಲ್ಲ. ಮಂಡ್ಯದ ಕಡೆ ಎಷ್ಟು ಮುದುಕ ಮುದುಕಿಯರು ನಾನು ಕಟ್ಟಿದ ಹಲ್ಲಿನಲ್ಲಿ ಕೋಳಿ ತಿಂದರೋ, ಎಲ್ಲಾ ಚೆನ್ನಾಗಿರಲಿ.

ಗಟ್ಟಿ ಪ್ಲೇಟಿನ ಕಾಲ ಬಂತು. ಡಾಕ್ಟರು ತೆಗೆದ ಹೊಸ ಅಚ್ಚು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಲ್ಯಾಬಿಗೆ ಬಂತು. ನಾನೇ ಪ್ಲಾಸ್ಟರು ಕಲಸಿದೆ, ಭೈರವನ ಹೆಸರು ಹೇಳಿಕೊಂಡು ಹರಿಯಬಿಟ್ಟೆ. ಬಿಡಿಸಿ ನೋಡಿದೆ. ಉಳಿದ ಹಲ್ಲುಗಳು ಒಂದು ಕಡೆ, ಇನ್ನೊಂದು ಕಡೆ ಆ ಗುಂಡಿ. ಗುಂಡಿಯ ಅಂಚಿನಲ್ಲಿ ಕಡಲೆ ಕಾಳಿನಷ್ಟು ಒಂದು ಉಬ್ಬು.

ಇಷ್ಟು ಕಲಿತು ಇವತ್ತೇ ಗುಳ್ಳೆ ಬಂತಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು. ಚಾಕು ತಗೊಂಡೆ.

"ಗುಳ್ಳೆ ಕಣಕ್ಕಾ, ತಟ್ನೆ ತೆಗ್ದಾಕು. ಅದುಕ್ಯಾಕೆ ಅಂಗೆ ಮಕ ಮಾಡ್ಕಂಡಿದ್ದೀಯೆ?" ಅಂದಳು ಕಿರಂಗೂರಿನವಳು.

ಚಾಕುವಿನ ತುದಿಯನ್ನು ಅದರ ಬುಡಕ್ಕೆ ಇಟ್ಟೆ. ತೊಟ್ಟು ಸಿಗಲಿಲ್ಲ. ಬುಡ ಅಗಲವಾಗಿತ್ತು. ಮೈ ದುಂಡಗಿರಲಿಲ್ಲ, ರಾಗಿ ಕಾಳು ಒತ್ತಿದ ಹಾಗೆ ತರಿತರಿಯಾಗಿತ್ತು. ಒತ್ತಲು ಕೈ ಬರಲಿಲ್ಲ. ನಾನು ಹಾಗೇ ಕೂತಿದ್ದನ್ನು ನೋಡಿ ಮೇಷ್ಟ್ರು ಎದ್ದು ಬಂದರು. ಕನ್ನಡಕ ಮೇಲೆ ಮಾಡಿಕೊಂಡು ನೋಡಿದರು. ಶೆಲ್ಫಿನಿಂದ ಹಳೇ ಪ್ಲೇಟಿಗೆ ಮಾಡಿದ್ದ ಮೊದಲ ಮಾದರಿ ತಂದು ಪಕ್ಕದಲ್ಲಿ ಇಟ್ಟರು. ಅದರಲ್ಲಿ ಆ ಅಂಚು ನುಣ್ಣಗಿತ್ತು. ಎರಡನ್ನೂ ನೋಡಿ, ನನ್ನ ಕೈಯಿಂದ ಚಾಕು ಬಿಡಿಸಿಕೊಂಡು ಡ್ರಾಯರಿನಲ್ಲಿ ಹಾಕಿದರು.

"ಇದು ಬಾಯಲ್ಲಿ ಇರೋದು ಕಣವ್ವಾ" ಅಂದರು.

ಕಿರಂಗೂರಿನವಳು ಸ್ಟವ್ ಆರಿಸಿ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಮನೆಗೆ ಹೋಗಿ ಊಟ ಮುಗಿಯುವವರೆಗೆ ಬಾಯಿ ಬಿಡಬಾರದು ಅಂದುಕೊಂಡೇ ಬಸ್ಸು ಇಳಿದೆ. ಅವರು ಕಾಯುತ್ತಿದ್ದರು. ಸ್ವಲ್ಪ ದೂರ ನಡೆದು, "ಅಚ್ಚು ಎಂಗ್ ಬಂತು?" ಅಂದರು.

"ಚೆಂದಾಗಿ ಬಂತು."

"ಗಂಟೂ ಬಂತಾ?"

ನಾನು ನಿಂತುಬಿಟ್ಟೆ.

"ನನ್ನ ನಾಲ್ಗೆ ಕಣಮ್ಮಿ ಅದು, ದಿನಾ ಅಲ್ಲೇ ಓಡಾಡ್ತದೆ. ಗೊತ್ತಾಗಾಕಿಲ್ವಾ?"

"ಡಾಕ್ಟ್ರು ನೋಡಿದ್ರಾ?"

"ನೋಡವ್ರೆ. ಮೊದ್ಲು ಮೈಸೂರಿಗೆ ಓಗು ಅಂತ ಚೀಟಿ ಕೊಟ್ಟವ್ರೆ. ನಾನೇ ಅಂದೆ, ಮೊದ್ಲು ಅಚ್ಚು ತಗಳಿ ಸಾ, ನಮ್ಮವ್ಳು ಅದುಕ್ಕಂತ್ಲೇ ಕಲ್ತವ್ಳೆ, ಮಾಡ್ಲಿ ಅಂತ."

ರಸ್ತೆ ಅನ್ನೋದನ್ನೂ ನೋಡದೆ ಬಾಯಿಗೆ ಬಂದ ಹಾಗೆ ಬೈದೆ. ಅವರು ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡರು. ಮಾರನೇ ದಿನ ಮೈಸೂರಿಗೆ ಕರಕೊಂಡು ಹೋದೆ. ಇನ್ನು ಚಾಕು ಹಾಕುವ ಜಾಗ ಉಳಿದಿಲ್ಲ, ನೋವಿಗೆ ಮಾತ್ರೆ ಕೊಡ್ತೀವಿ ಅಂದರು. ಅಲ್ಲಿನ ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ, ಕೂರಿಸಿ ಕೈ ಹಿಡಿದು ಹೇಳಿದರು. ಅದನ್ನೂ ಉಪಕಾರ ಅಂತಲೇ ನೆನೆಯುತ್ತೀನಿ. ವಾಪಸ್ಸು ಬರುವ ಬಸ್ಸಿನಲ್ಲಿ ಅವರು ನನ್ನ ಮೊಣಕೈ ತಿವಿದು, "ಈಗ್ಲಾದ್ರೂ ಮಾಡ್ತೀಯಾ?" ಅಂದರು.

ಮಾಡಿದೆ. ಮೇಷ್ಟ್ರು ಕೈ ಹಾಕಲಿಲ್ಲ, ಹಿಂದೆ ನಿಂತಿದ್ದರು ಅಷ್ಟೇ. ಆ ಗಂಟಿಗೆ ತಾಗದ ಹಾಗೆ ಪ್ಲೇಟಿನಲ್ಲಿ ಸಣ್ಣ ಕುಳಿ ಬಿಟ್ಟೆ. ಹೊಳಪು ಕೊಟ್ಟು ತಂದು ಅವರ ಬಾಯಿಗೆ ಕೂರಿಸಿದೆ. ಆ ದಿನ ಅವರು ಉಪ್ಸಾರಿನಲ್ಲಿ ಅದ್ದಿ ಮುದ್ದೆ ನುಂಗಿದರು. ಒಂದು ತುತ್ತು, ಇನ್ನೊಂದು. ಮೂಗಿಗೆ ಏನೂ ಬರಲಿಲ್ಲ. ನಾನು ಪಾತ್ರೆ ತೊಳೆಯುವಾಗ ಹಿಂದಿನಿಂದ ಮೆಲ್ಲಗೆ, "ಪಾಂಡವಪುರ" ಅಂದರು. ಸ್ಪಷ್ಟವಾಗಿ. ಕೂಗಲಿಲ್ಲ, ಹೇಳಿದರು. ಸ್ಟ್ಯಾಂಡಿಗೆ ಹೋಗಿ ನಿಲ್ಲುವ ಶಕ್ತಿ ಅಷ್ಟರಲ್ಲಿ ಹೋಗಿತ್ತು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಗಂಟು ಬೆಳೆಯಿತು. ಪ್ಲೇಟು ಒತ್ತತೊಡಗಿತು. ಅವರನ್ನು ಲ್ಯಾಬಿನ ಬೆಂಚಿನ ಮೇಲೆ ಕೂರಿಸಿ, ಪ್ಲೇಟು ತೆಗೆದು ಕುಳಿಯನ್ನು ಕೈಮೋಟರಿನಲ್ಲಿ ಇನ್ನಷ್ಟು ಉಜ್ಜಿ ಕೊಡುತ್ತಿದ್ದೆ. ಕೆಲವು ದಿನ ಸುಖ, ಮತ್ತೆ ಒತ್ತು, ಮತ್ತೆ ಉಜ್ಜು. ಗಂಡನ ಹೊಟ್ಟೆಗೆ ದಾರಿ ಮಾಡಲು ಕಲಿತ ವಿದ್ಯೆಯಲ್ಲಿ ಅವರನ್ನು ತಿನ್ನುತ್ತಿದ್ದದ್ದಕ್ಕೆ ಜಾಗ ಬಿಡಿಸಿ ಕೊಡುತ್ತಿದ್ದೆ. ದೇವರ ಮುಂದೆ ದೀಪ ಹಚ್ಚಿ ಹಾಗೇ ಎದ್ದುಬಿಡುತ್ತಿದ್ದೆ. ಕೊನೆಗೆ ಮೇಷ್ಟ್ರು ಪ್ಲೇಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಕುಳಿಯ ಜಾಗದಲ್ಲಿ ಈರುಳ್ಳಿ ಸಿಪ್ಪೆಯೊಳಗಿಂದ ಕಂಡ ಹಾಗೆ ಬೆಳಕು ಕಾಣುತ್ತಿತ್ತು. "ಇನ್ನು ಉಜ್ಜುದ್ರೆ ತೂತಾಯ್ತದೆ ಕಣವ್ವಾ. ಸಾಕು."

ಆಮೇಲೆ ಮೂಗಿಗೆ ಹಾಕಿದ ನಳಿಕೆಯಲ್ಲಿ ರಾಗಿ ಗಂಜಿ. ಪ್ಲೇಟು ದೇವರ ಗೂಡಿನ ಕೆಳಗೆ ಸ್ಟೀಲ್ ಬಟ್ಟಲಿನ ನೀರಿನಲ್ಲಿತ್ತು. ಒಣಗಿದರೆ ಆಕಾರ ಕೆಡುತ್ತದೆ ಅಂತ ದಿನಾ ನೀರು ಬದಲಾಯಿಸುತ್ತಿದ್ದೆ. ಒಂದು ಬೆಳಗ್ಗೆ ಹಾಲು ಕರೆದು ಒಳಗೆ ಬಂದಾಗ ಅವರು ಹೋಗಿದ್ದರು. ಮುಖದಲ್ಲಿ ನೋವಿರಲಿಲ್ಲ. ಅಷ್ಟು ಕೊಟ್ಟ ಆ ತಂದೆ ಭೈರವ.

ಜಗುಲಿಯ ಮೇಲೆ ಮಲಗಿಸಿ ಸ್ನಾನ ಮಾಡಿಸಿದರು. ನಳಿಕೆ ತೆಗೆದರು. ಬಾಯಿಗಕ್ಕಿ ಹಾಕಲು ನೆಂಟರು ಸಾಲಾಗಿ ನಿಂತರು. ಅಕ್ಕಿಯ ಮೊರ ನೋಡಿದ್ದೇ ನನಗೆ ಅಂಗುಳದ ಆ ತೂತು ನೆನಪಾಯಿತು. ಒಳಗೆ ಓಡಿ ಬಟ್ಟಲಿನಿಂದ ಪ್ಲೇಟು ತಂದೆ. ಅವರ ಅಣ್ಣ, ನನ್ನ ಭಾವ, ಅಡ್ಡ ಬಂದರು.

"ಏನಮ್ಮಿ ಅದು? ತೀರ್ಕಂಡೋರಿಗೆ ಅದ್ಯಾಕೆ?"

"ಅಕ್ಕಿ ಮೂಗಿಗೆ ಓಯ್ತದೆ ಭಾವ."

ಅವರು ನನ್ನ ಕೈ ನೋಡಿದರು, ತಮ್ಮನ ಮುಖ ನೋಡಿದರು. ಆಮೇಲೆ ಸಾಲಿನ ಕಡೆ ತಿರುಗಿ, "ಒಸಿ ತಡೀರ್ಲಾ. ಅವಳ ಕೆಲ್ಸ ಮುಗೀಲಿ" ಅಂದರು.

ಮಂಡಿಯೂರಿ ಕೂತೆ. ದವಡೆ ಇನ್ನೂ ಸೆಟೆದಿರಲಿಲ್ಲ. ಕಲಿತ ಹಾಗೇ ಮೊದಲು ಹಲ್ಲಿರುವ ಕಡೆ ಓರೆ ಮಾಡಿ ಒಳಗೆ ತಳ್ಳಿ, ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿದೆ. ಗಂಟಿನ ಕಡೆ ತಡೆಯಿತು. ನೋಯುತ್ತದೇನೋ ಅಂತ ಕೈ ತಾನೇ ಹಿಂದಕ್ಕೆ ಬಂತು. ಮತ್ತೆ ಒತ್ತಿದೆ. ಕೂತಿತು.

ಎದ್ದು ಪಕ್ಕಕ್ಕೆ ಸರಿದೆ. ಭಾವ ಮೊದಲು ಹಾಕಿದರು, ಮಗಳು ಹಾಕಿದಳು, ಮೇಷ್ಟ್ರು ಹಾಕಿದರು, ಕಿರಂಗೂರಿನವಳು ಹಾಕಿದಳು, ಬಸ್ಸಿನ ಡ್ರೈವರು ಹಾಕಿದರು. ಎಲ್ಲರೂ ಅವರ ಮುಖ ನೋಡಿ ಅಳುತ್ತಿದ್ದರು. ನಾನು ಮೂಗನ್ನೇ ನೋಡುತ್ತಾ ನಿಂತಿದ್ದೆ.