ಅವ್ವ ನಳ ಬಿಟ್ಟು ಕೂರುತ್ತಿದ್ದಳು

ನಮ್ಮ ಗಜೇಂದ್ರಗಡದಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ, ಒಮ್ಮೊಮ್ಮೆ ಹತ್ತು ದಿನಕ್ಕೆ. ಬಂದದ್ದನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸಿ, ಮತ್ತೆ ಬರುವವರೆಗೆ ಅದರಲ್ಲೇ ತೂಗಿಸಬೇಕು. ಹಾಗಾಗಿ ಯಾರ ಮನೆಯಲ್ಲಾಗಲಿ ನಳ ಸುಮ್ಮನೆ ಸುರಿಯುವ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತದೆ. ಸವಡಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳನ್ನು ಗದರಿಸಿ ನನ್ನ ಬಾಯಿಯೂ ಚುರುಕಾಗಿದೆ. ಆ ಸದ್ದು ನನ್ನ ಮನೆಯಲ್ಲೇ, ಅವ್ವನಿಂದಲೇ ಬರತೊಡಗಿದಾಗ ನಾನು ಸುಮ್ಮನಿರುತ್ತೇನೆಯೆ?

ಅವ್ವನಿಗೆ ಆಗ ಎಪ್ಪತ್ತಾರು. ಸಂಡಾಸಿಗೆ ಹೋಗಿ ಚಿಲಕ ಹಾಕಿಕೊಂಡರೆ ಅರ್ಧ ತಾಸು ಹೊರಗೆ ಬರುತ್ತಿರಲಿಲ್ಲ. ಅಷ್ಟೂ ಹೊತ್ತು ಒಳಗೆ ನಳ ಸುರಿಯುತ್ತಿತ್ತು. ಬಂದು ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಹೋಗುವಳು, ಮತ್ತೆ ನಳ.

"ಯವ್ವಾ, ನೀರೇನು ನಿಮ್ಮಪ್ಪನ ಮನಿಯಿಂದ ಬರತಾವೇನ?" ಎಂದು ಬಾಗಿಲ ಹೊರಗಿನಿಂದ ಕೂಗುತ್ತಿದ್ದೆ.

"ಕೈಕಾಲ ತೊಳಕೊಳ್ಳಾಕತ್ತೀನಿ ತಡಿಯವ್ವಾ," ಎನ್ನುವಳು.

ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಟಾಕಿ ಖಾಲಿಯಾಗಿತ್ತು. ನೀರು ಬರಲು ಇನ್ನೂ ಐದು ದಿನ ಬಾಕಿ. ಅಕ್ಕಪಕ್ಕದವರಿಂದ ಕೊಡ ತಂದು ಹಾಕಿ, ಸಿಟ್ಟಿನಲ್ಲಿ ಮಾಳಿಗೆ ಹತ್ತಿ ಸಂಡಾಸಿಗೆ ಹೋಗುವ ಪೈಪಿನ ವಾಲ್ ತಿರುವಿ ಬಂದ್ ಮಾಡಿದೆ. ಒಳಗೆ ಒಂದು ಬಕೆಟ್, ಒಂದು ಚೊಂಬು ಇಟ್ಟು, "ಇಷ್ಟರಾಗ ಮುಗಸು," ಎಂದೆ. ಅವ್ವ ಬಕೆಟ್ಟನ್ನು ಗೋಡೆಯ ಬದಿಗೆ ಸರಿಸಿಟ್ಟಳು. ನಾನು ಗೆದ್ದೆ ಎಂದುಕೊಂಡು ಬಸ್ ಹಿಡಿದೆ.

ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿ ಮಗ್ಗವಿತ್ತು. ಒಂದು ಸೀರೆಯ ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದೆಳೆ, ಮುಗಿದಾಗ ಹಳೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದು ಅವ್ವನ ಕೆಲಸ. ಕೂಡಿಸಲು ಕೂತವರು ನಡುವೆ ಏಳಬಾರದು ಎಂಬುದು ನಮ್ಮ ಮನೆಯ ಕಟ್ಟು. ಎದ್ದರೆ ಎಳೆಗಳ ಸಾಲು ತಪ್ಪುತ್ತದೆ ಎನ್ನುತ್ತಿದ್ದರು. ಬೆಳಿಗ್ಗೆ ಚಹಾ ಕುಡಿದು ಕೂತವಳು ಮಧ್ಯಾಹ್ನ ಇಳಿದ ಮೇಲೇ ಏಳುವಳು. ಎದ್ದರೂ ಹೋಗುವುದೆಲ್ಲಿಗೆ? ಆಗ ಸಂಡಾಸು ಇರಲಿಲ್ಲ, ಗುಡ್ಡದ ಬುಡಕ್ಕೆ ಹೋಗಲು ಹೆಂಗಸರು ಕತ್ತಲಾಗುವುದನ್ನೇ ಕಾಯಬೇಕಿತ್ತು. ನಮ್ಮ ಓಣಿಯಲ್ಲಿ ತಡೆದುಕೊಳ್ಳುವುದೇ ಒಂದು ಹೆಚ್ಚುಗಾರಿಕೆ. ಹೊಸದಾಗಿ ಬಂದ ಸೊಸೆ ಕೆಲಸದ ನಡುವೆ ಎದ್ದರೆ, "ತೂತ ಕೊಡಾ ತಂದೀರಲ್ಲ," ಎಂದು ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಮ್ಮವ್ವನೇ. ಆ ನಗೆಯಲ್ಲಿ ನಾನೂ ಸೇರಿಕೊಳ್ಳುತ್ತಿದ್ದೆ.

ಬುಧವಾರದ ಹೊತ್ತಿಗೆ ಅವ್ವ ಊಟ ಬಿಟ್ಟಳು. ಕೇಳಿದರೆ, "ಯಾಕೋ ಸರಿಯಾಗಿ ಆಗವಲ್ದು," ಎಂದಳು. ಎದುರು ಮನೆಯ ಚಿಗವ್ವ, ಶಾಲೆ ಕಲಿಸುವವಳೆಂದು ನನ್ನನ್ನು ಅಕ್ಕಾರ ಎನ್ನುವವಳು, ಬಂದು ನೋಡಿ, "ಉಷ್ಣ ಆಗೇತಿ ಅಕ್ಕಾರ, ಜೀರಗಿ ನೀರ ಕುಡಸ್ರಿ," ಎಂದಳು. ಜೀರಿಗೆ ನೀರು, ಕೊತ್ತಂಬರಿ ನೀರು, ಮಜ್ಜಿಗೆ, ಎಲ್ಲವನ್ನೂ ತಂಬಿಗೆಗಟ್ಟಲೆ ಕುಡಿಸಿದೆ. ತುಂಬಿದ ಕೊಡಕ್ಕೆ ಮತ್ತೆ ಮತ್ತೆ ಸುರಿದೆ. ಗುರುವಾರ ಶಾಲೆಯಿಂದ ಬಂದಾಗ ಅವ್ವ ಹೊರಸಿನ ಮೇಲೆ ಮುದುಡಿ ಮಲಗಿದ್ದಳು. ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲಾಗಿತ್ತು. ಬಾಡಿಗೆ ಗಾಡಿ ಮಾಡಿ ರೋಣದ ದವಾಖಾನೆಗೆ ಒಯ್ದೆ.

ಅಲ್ಲಿ ಮೂತ್ರ ತೆಗೆಯಲು ನಳಿಕೆ ಹಾಕಿದ ಕೂಡಲೇ ಅದರ ತುದಿಯ ಚೀಲ ತುಂಬಿತು. ಅದನ್ನು ಖಾಲಿ ಮಾಡಿದರೆ ಮತ್ತೆ ತುಂಬಿತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನನ್ನನ್ನು ಕೂಡಿಸಿಕೊಂಡು ಹೇಳಿದರು: "ಮೂತ್ರದ ಚೀಲಕ್ಕ ಹಿಂಡೋ ಕಸುವು ಕಡಿಮಿ ಆಗೇತ್ರಿ. ಒಂದೀಟ ಹೋಗತೈತಿ, ಉಳದದ್ದು ಒಳಗ ನಿಂದರತೈತಿ. ಹಿಂದ ಒತ್ತಿ ಎರಡೂ ಕಿಡ್ನಿ ಬಾತಾವ. ವಯಸ್ಸಿರಬಹುದು, ಸಕ್ಕರಿ ರೋಗ ಇರಬಹುದು, ವರ್ಷಾನಗಟ್ಟಲೆ ತಡಕೊಂಡದ್ದೂ ಇರಬಹುದು, ಇಂಥಾದ್ದ ಅಂತ ಹೇಳಾಕ ಬರಂಗಿಲ್ಲ. ವಯಸ್ಸಾದವರಾಗ ಇದು ಭಾಳ ಮಂದಿಗೆ ಐತ್ರಿ. ನಾಚಿಕಿಗೆ ಯಾರೂ ಬಾಯಿ ಬಿಡಂಗಿಲ್ಲ ಅಷ್ಟ."

ಆಮೇಲೆ ಅವ್ವನ ಕಡೆ ತಿರುಗಿ, "ಇಷ್ಟ ದಿನಾ ಹ್ಯಾಂಗ ಮಾಡ್ಕೊಂಡ್ರಿ ಅಮ್ಮಾರ?" ಎಂದರು.

"ನಳ ಬಿಟ್ಟ ಕುಂತ್ರ ಬರತಿತ್ರಿ. ನೀರಿನ ಸಪ್ಪಳಾ ಕೇಳಿದ್ರ ಹನಿ ಹನಿ ಬರತಿತ್ತು."

"ಮತ್ತ ಅದನ್ನ್ಯಾಕ ಬಿಟ್ರಿ?"

ಅವ್ವ ನನ್ನ ಕಡೆ ನೋಡಲಿಲ್ಲ. "ನೀರ ಭಾಳ ಖರ್ಚಾಗತಿದ್ದೂರಿ," ಎಂದಳು.

ನಾನು ಹೊರಗೆ ಹೋಗಿ ದವಾಖಾನೆಯ ಕಟ್ಟೆಯ ಮೇಲೆ ಕೂತು ಅತ್ತೆ. ನನ್ನ ಹೆಸರು ಹೇಳಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಕೆಲವು ದಿನದ ಮೇಲೆ ನಳಿಕೆ ತೆಗೆದು ಮನೆಗೆ ಕಳಿಸಿದರು. ತಾನಾಗಿ ಹೋದದ್ದು ಹೋಗಲಿ, ಉಳಿದದ್ದನ್ನು ದಿನಕ್ಕೆ ಮೂರು ಸಲ ತೆಳು ನಳಿಕೆ ಹಾಕಿ ತೆಗೆಯಬೇಕು, ಇಲ್ಲವಾದರೆ ಕಿಡ್ನಿ ಉಳಿಯುವುದಿಲ್ಲ ಎಂದರು. ಅವ್ವನ ಕೈ ನಡುಗುತ್ತಿದ್ದರಿಂದ ನರ್ಸಮ್ಮ ಕೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ನನಗೆ ಕಲಿಸಿದರು. ಅವ್ವ ಮನೆಗೆ ಬಂದವಳೇ ಹಟ ಹಿಡಿದಳು. "ಹಡದ ಮಗಳ ಕಡಿಂದ ಈ ಕೆಲಸಾ ಮಾಡಸ್ಕೊಳ್ಳೂದಕಿಂತ ಸಾಯೂದ ಚಲೋ." ಬೆಳಿಗ್ಗೆ ಬೇಡಿಕೊಂಡೆ, ಮಧ್ಯಾಹ್ನ ಬೈದೆ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಆ ಹೊತ್ತಿಗೆ ನನಗೆ ಹುಟ್ಟಿದ ಭಯವನ್ನು ಇವತ್ತಿಗೂ ಮರೆತಿಲ್ಲ.

ಸಂಜೆ ಮಾತಾಡಿಸಲು ಬಂದ ಚಿಗವ್ವ ಎಲ್ಲ ಕೇಳಿಸಿಕೊಂಡು ಸೆರಗಿನ ತುದಿ ಹೊಸೆಯತೊಡಗಿದಳು. ಆಮೇಲೆ ಮೆಲ್ಲಗೆ, "ನಂಗೂ ಹಂಗ ಆಗತೈತಿ ಅಕ್ಕಾರ. ಹೊಟ್ಟಿ ಅಮುಕಿ ಅಮುಕಿ ಹೋಗತೀನಿ. ಶಿರೋಳದಾಗ ನಮ್ಮಕ್ಕಂದೂ ಇದ ಕತಿ. ವಯಸ್ಸಿಂದು ಅಂತ ಸುಮ್ಮ ಇದ್ದೀವಿ," ಎಂದಳು. ಅವ್ವ ಹೊರಸಿನ ಮೇಲೆ ಹೊರಳಿ ಅವಳನ್ನೇ ನೋಡಿದಳು. ಅರವತ್ತು ವರ್ಷ ಎದುರುಬದುರು ಬಾಳಿದ ಇಬ್ಬರು ಹೆಂಗಸರು ಈ ಮಾತನ್ನು ಆಡಿದ್ದು ಅದೇ ಮೊದಲು.

ಚಿಗವ್ವ ಹೋದ ಮೇಲೆ ಅವ್ವ ಎದ್ದು ಕೂತಳು. "ವಾಲ್ ತಗದೀಯೇನ?" ಎಂದು ಕೇಳಿದಳು.

"ತಗದೀನಿ ಯವ್ವಾ."

ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಳ ಸುರಿಯತೊಡಗಿತು. ನಾನು ನಳಿಕೆ ಹಾಕಲೆಂದು ತೊಳೆದ ಕೈಯನ್ನು ಯಾವುದಕ್ಕೂ ತಾಗಿಸದೆ ಬಾಗಿಲ ಹೊರಗೆ ನಿಂತೆ. ಮಾಳಿಗೆಯ ಮೇಲೆ ಟಾಕಿ ಇಳಿಯುತ್ತಿತ್ತು. ಇಳಿದರೆ ಇಳಿಯಲಿ ಎಂದುಕೊಂಡೆ. ಕಾಲು ತಾಸಾಯಿತು, ಅರ್ಧ ತಾಸಾಯಿತು. ಒಳಗೆ ಅವ್ವ ಒಮ್ಮೆ ನರಳಿದಳು. ಕರೆಯಬೇಕೆನಿಸಿದರೂ ಬಾಯಿ ಬಿಗಿಹಿಡಿದುಕೊಂಡೆ.

ಕೊನೆಗೆ ಚಿಲಕ ಸರಿಯಿತು. ಬಾಗಿಲು ಒಂದಿಷ್ಟೇ ತೆರೆಯಿತು.

"ಬಾ ಒಳಗ," ಎಂದಳು ಅವ್ವ. "ಮೊದಲ ಆ ನಳ ಬಂದ್ ಮಾಡು."