ಒಂಬತ್ತನೇ ವಾರ

ಕಡೂರಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಗರ್ಭ ತೆಗೆಸಲು ಬಂದವರಿಗೆ ಧೈರ್ಯ ಹೇಳುವ ಕೆಲಸವೂ ನನ್ನದೇ. ತೋಟದ ಮನೆಗಳಿಂದ ಬಂದವರಿಗೆಲ್ಲ ನಾನು ಹೇಳುತ್ತಿದ್ದ ಮಾತು ಒಂದೇ: "ತೆಂಗಿನ ಮರದಿಂದ ಇನ್ನೂ ಕಾಯಾಗದ ಎಳೇ ಹರಳು ಉದುರಿದ್ರೆ ತೆಂಗಿನಕಾಯಿ ಹೋಯ್ತು ಅಂತ ಯಾರಾದ್ರೂ ಅಳ್ತಾರೇನಮ್ಮ? ಇನ್ನೂ ಏನೂ ಆಗಿಲ್ಲ."

ಯಗಟಿ ಕಡೆಯ ಒಬ್ಬಾಕೆಗೂ ಹಾಗೇ ಹೇಳಿ ಕಳಿಸಿದ್ದೆ. ಮೂರು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾಗಿ ಬಂದಳು, ಈ ಸಲ ಉಳಿಸಿಕೊಳ್ಳೋಕೆ. ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, "ಒಂಬತ್ತು ವಾರ. ಮಗು ಚೆನ್ನಾಗಿದೆ ಕಣಮ್ಮ" ಅಂದೆ.

ಅವಳು ನಗಲಿಲ್ಲ. "ಅವತ್ತೂ ಒಂಬತ್ತೇ ವಾರ ಆಗಿತ್ತಲ್ಲ ಸಿಸ್ಟರ್. ಏನೂ ಆಗಿಲ್ಲ ಅಂದಿದ್ರಿ."

ನಾನು ಬಿ.ಪಿ. ನೋಡುವ ಪಟ್ಟಿಯನ್ನು ಅವಳ ತೋಳಿಗೆ ಸುತ್ತತೊಡಗಿದೆ. "ನಿನ್ನ ಸಮಾಧಾನಕ್ಕೆ ಅಂದಿದ್ದು ಕಣಮ್ಮ."

"ಹರಳು ತಾನಾಗೇ ಉದುರುತ್ತೆ. ಅದನ್ನ ತೆಗೆಸಿದ್ದು ನಾನು. ದೊಡ್ಡವನು ಇನ್ನೂ ಎದೆಹಾಲು ಕುಡೀತಿದ್ದ, ನನ್ನ ಮೈಯಲ್ಲಿ ರಕ್ತ ಇರ್ಲಿಲ್ಲ. ಮಗು ಅಂತ ನೀವು ಹೇಳಿದ್ರೂ ತೆಗೆಸ್ತಿದ್ದೆ. ತೆಗೆಸಿ, ಅತ್ತು, ಮಣ್ಣಿಗೆ ಹೋಗಿ ಬಂದೋರ ಹಾಗೆ ತಲೆ ಮೇಲೆ ನೀರು ಹುಯ್ಕೊಂಡು ಒಳಗೆ ಹೋಗ್ತಿದ್ದೆ. ಏನೂ ಇರ್ಲಿಲ್ಲ ಅಂದ್ಮೇಲೆ ಯಾರಿಗೆ ಅಂತ ಅಳ್ಲಿ?"

ಪಟ್ಟಿ ಬಿಚ್ಚಿ ಬಿ.ಪಿ. ಬರೆದುಕೊಂಡೆ. ಹರಳಿನ ಮಾತನ್ನು ಅವತ್ತಿಗೇ ಬಿಟ್ಟೆ.

ಅವಳ ಬಸುರಿನ ದಾಖಲೆಯ 'ತಾಯಿ ಕಾರ್ಡ್'ನಲ್ಲಿ 'ಹಿಂದಿನ ಗರ್ಭಪಾತ' ಅನ್ನುವ ಕಡೆ 'ಒಂದು' ಅಂತ ಬರೆದೆ. ಕಾರ್ಡು ನನಗಿಂತ ಜಾಣ. ಹೋಗಿದ್ದು ಏನು ಅಂತ ಅದು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.