ಮಳೆಗುಂಡಿ ಕಾಯುವ ಪಕೀರಬ್ಬ

ಜನವರಿಯ ಬೆಳಗು. ಕತಾರಿನ ರಾಸ್ ಲಫಾನ್ ಕಡೆಯ ಕಡಲಿನಿಂದ ಬೀಸುವ ಗಾಳಿ ಕಿವಿ ಕೊರೆಯುತ್ತಿದೆ. ಗುತ್ತಿಗೆ ಕಂಪನಿಯೊಂದರ ಅಂಗಳದಲ್ಲಿ, ಕ್ರೇನು ಓಡಾಡುವ ಹಳಿಯ ಪಕ್ಕ ಮೊಣಕಾಲೂರಿ ಕೂತ ಪಕೀರಬ್ಬ ಚರಂಡಿಯ ಜಾಲರಿ ಎತ್ತಿಟ್ಟು ಒಳಗಿನ ಮರಳನ್ನು ಚೀಲಕ್ಕೆ ಬಾಚುತ್ತಿದ್ದಾರೆ. ನಡುವೆ ಮಫ್ಲರು ಬಿಗಿ ಮಾಡಿಕೊಂಡು ಆಕಾಶ ನೋಡುತ್ತಾರೆ. "ಊರಲ್ಲಿ ಮಳೆ ಅಂದ್ರೆ ಖುಷಿ. ಇಲ್ಲಿ ಮೋಡ ಕಂಡ್ರೆ ಮಳೆ ಬಾರದಿರ್ಲಿ ಅಂತ ಬೇಡ್ತೇನೆ ಮಾರಾಯ್ರೆ."

ಉಳ್ಳಾಲದ ಪಕೀರಬ್ಬರಿಗೆ ಐವತ್ತು ದಾಟಿದೆ. ಕತಾರಿನಲ್ಲಿ ಮಳೆ ಬೀಳುವುದು ಚಳಿಗಾಲದ ಬೆರಳೆಣಿಕೆಯ ದಿನ. ಆದರೆ ಬಿದ್ದಾಗ, ಹಳಿಗಳ ಬದಿಯಲ್ಲಿ ವರ್ಷವಿಡೀ ಕೂತ ಡೀಸೆಲ್, ಗ್ರೀಸ್ ಎಲ್ಲವನ್ನೂ ತೊಳೆದುಕೊಂಡು ನೀರು ಕಡಲಿನತ್ತ ನುಗ್ಗುತ್ತದೆ. ಅದನ್ನು ಚರಂಡಿಗಳಲ್ಲಿ ಹರಿಸಿ ದೊಡ್ಡ ಗುಂಡಿಗೆ ಇಳಿಸಬೇಕು. ಮೇಲೆ ತೇಲುವ ಎಣ್ಣೆಯನ್ನು ಟ್ಯಾಂಕರಿಗೆ ಹೀರಿಸಿ, ಅಡಿಯ ನೀರನ್ನಷ್ಟೇ ಪಂಪಿನಿಂದ ಹೊರಗೆ ಬಿಡಬೇಕು. ಮಳೆಯಿಲ್ಲದ ದಿನಗಳಲ್ಲಿ ಮರಳಿನೊಡನೆ ಗುದ್ದಾಟ. ದಿನಕ್ಕೆ ಮೂವತ್ತು ನಲವತ್ತು ಚೀಲ. ರಾತ್ರಿ ಬೆನ್ನು ನೆಲಕ್ಕೆ ತಾಗಿಸಲು ಆಗುವುದಿಲ್ಲ.

ಬೆನ್ನುನೋವಿನ ಬಗ್ಗೆ ಅವರು ನಗುತ್ತಲೇ ಹೇಳುತ್ತಾರೆ. ರೆಮಿಜಿಯಸ್ ಹೆಸರು ಬಂದಾಗ ಮಾತ್ರ ಕೈ ನಿಲ್ಲುತ್ತದೆ.

ಶಿರ್ವದ ರೆಮಿಜಿಯಸ್ ಅವರ ಜೊತೆಗಾರ. ಎರಡು ವರ್ಷದ ಹಿಂದೆ, ೨೦೦೫ರ ಡಿಸೆಂಬರಿನ ಒಂದು ಬೆಳಿಗ್ಗೆ ಜೋರು ಮಳೆ. ಪಂಪಿನ ಬಾಯಿಗೆ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿಕೊಂಡು ನೀರು ಹೊರಹೋಗುವುದು ನಿಂತಿತು. ಮೇಲೆ ನಿಂತ ಫೋರ್‌ಮನ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಕೂಗುತ್ತಿದ್ದ. ಗುಂಡಿಯ ಕೆಸರಿನಿಂದ ವಿಷಗಾಳಿ ಏಳುತ್ತದೆ. ಯಂತ್ರದಿಂದ ಗಾಳಿ ಪರೀಕ್ಷಿಸದೆ ಯಾರೂ ಇಳಿಯುವಂತಿಲ್ಲ. ಯಂತ್ರ ಆಫೀಸಿನಲ್ಲಿತ್ತು. "ಎರಡೇ ನಿಮಿಷ ಪಕೀರಾಕ, ಈಗ ಬಂದೆ" ಎಂದು ರೆಮಿಜಿಯಸ್ ಏಣಿ ಇಳಿದೇಬಿಟ್ಟ. ನಡು ಏಣಿಯಲ್ಲಿ ಅವನ ಕೈ ಸಡಿಲವಾಗಿ ಕೆಳಗೆ ಬಿದ್ದ.

ಪಕೀರಬ್ಬ ಏಣಿಯ ಮೇಲೆ ಕಾಲಿಟ್ಟರು. ಗಂಟಲು ಉರಿಯಿತು. ಕಾಲು ಹಿಂದೆ ತೆಗೆದು ಸೈರನ್ನಿನ ಕಡೆ ಓಡಿದರು. ಆಕ್ಸಿಜನ್ ಸಿಲಿಂಡರು ಹೊತ್ತವರು ಬಂದು ರೆಮಿಜಿಯಸ್‌ನನ್ನು ಮೇಲೆತ್ತಿದಾಗ ಖಲಾಸ್, ಎಲ್ಲ ಮುಗಿದಿತ್ತು.

"ಇವರೂ ಇಳಿದಿದ್ದರೆ ಎರಡು ಹೆಣ ತೆಗೆಯಬೇಕಿತ್ತು" ಎಂದರು ಅಧಿಕಾರಿಗಳು. ಸರಿಯಾದ ಕೆಲಸ ಮಾಡಿದಿರೆಂದು ಕಂಪನಿ ಸಭೆ ಕರೆದು ಚಪ್ಪಾಳೆ ತಟ್ಟಿಸಿ, ಕೈಗಡಿಯಾರ ಕೊಟ್ಟಿತು. ಆ ಹೊತ್ತಿಗೆ ಇದೇ ಕಂಪನಿಯ ಸ್ಟೋರಿನಲ್ಲಿ ಗುಮಾಸ್ತರಾಗಿರುವ ರೆಮಿಜಿಯಸ್‌ನ ಅಣ್ಣ ಆನ್ಸೆಲ್ಮ್, ತಮ್ಮನ ಶವಪೆಟ್ಟಿಗೆಯೊಡನೆ ಮಂಗಳೂರಿನ ದಾರಿಯಲ್ಲಿದ್ದರು. ಪಕೀರಬ್ಬ ಗಡಿಯಾರವನ್ನು ಕಟ್ಟಿಕೊಂಡಿಲ್ಲ.

ಆನ್ಸೆಲ್ಮ್ ಮರಳಿ ಬಂದ ದಿನ ನೇರ ಪಕೀರಬ್ಬರ ಕೋಣೆಗೆ ಬಂದಿದ್ದರಂತೆ.

"ಅವ ನಿಮ್ಮನ್ನು ಕರೆದನಾ?"

"ಇಲ್ಲ ಆನ್ಸೆಲ್ಮ್. ಕರೀಲಿಕ್ಕೆ ಹೊತ್ತೇ ಸಿಗ್ಲಿಲ್ಲ ಅವನಿಗೆ."

"ಒಂದು ಕೈ ಕೊಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಅಷ್ಟು ಕೇಳಿ ಆನ್ಸೆಲ್ಮ್ ಹೊರಟುಹೋದರು. ಅವರಿಬ್ಬರ ನಡುವೆ ಅದೇ ಕೊನೆಯ ಮಾತು.

ಈಗ ಗಾಳಿ ಪರೀಕ್ಷೆಯಾಗುವ ತನಕ ಪಕೀರಬ್ಬ ಗುಂಡಿಯ ಮುಚ್ಚಳದ ಮೇಲೆಯೇ ನಿಂತಿರುತ್ತಾರೆ. ಫೋರ್‌ಮನ್ ಎಷ್ಟೇ ಕೂಗಾಡಲಿ, ಕದಲುವುದಿಲ್ಲ. "ನೀರು ನಿಂತ್ರೆ ನಿಲ್ಲಲಿ. ಸಂಜೆಗಾದ್ರೂ ಇಳೀತದೆ. ರೆಮಿಜಿಯಸ್ ಹೋದ ಮೇಲೆ ಈ ಗುಂಡಿಯಿಂದ ಯಾರನ್ನೂ ಹೊತ್ತು ತೆಗೆಯುವ ಗತಿ ಬರ್ಲಿಕ್ಕೆ ನಾನು ಬಿಡ್ಲಿಲ್ಲ."

ಹನಿ ಬೀಳತೊಡಗಿದೆ. ಪಕೀರಬ್ಬ ಹರಿದ ಕೈಗವಸು ಬದಲಿಸಲು ಸ್ಟೋರಿನ ಕಿಟಕಿಗೆ ಹೋಗುತ್ತಾರೆ. ಒಳಗಿರುವುದು ಆನ್ಸೆಲ್ಮ್. ತಲೆಯೆತ್ತದೆ ಹೊಸ ಜೋಡಿಯನ್ನು ಮುಂದೆ ತಳ್ಳಿ ಬೇರೆ ಕೆಲಸಕ್ಕೆ ತಿರುಗುತ್ತಾರೆ.

"ಪ್ರತಿ ತಿಂಗಳೂ ಹೀಗೇ" ಎನ್ನುತ್ತಾರೆ ಪಕೀರಬ್ಬ, ಕೈಗವಸು ಹಾಕಿಕೊಳ್ಳುತ್ತ. "ಒಂದು ದಿನ ಅವ ಹೊರಗೆ ಬಂದು ನನಗೆ ಬಾಯಿತುಂಬ ಬೈಲಿ. ಎಲ್ಲರೆದುರೇ ಬೈಲಿ. ನಾನು ನಿಂತು ಕೇಳ್ತೇನೆ."